ಸಂಬಳದ ಸೂಲಗಿತ್ತಿ

ಎದುರು ಮನೆಗೆ ಬಂದವಳು ಹಗಲು ಹೊತ್ತಿನಲ್ಲೂ ಬಾಗಿಲಿಗೆ ಬೀಗ ಹಾಕುತ್ತಾಳೆ ಎಂಬುದೇ ನಮ್ಮ ಬೀದಿಗೆ ಮೊದಲ ಸುದ್ದಿ. ನರಸೀಪುರದ ಈ ಬೀದಿಯಲ್ಲಿ ಹಗಲು ಯಾರೂ ಬೀಗ ಹಾಕುವುದಿಲ್ಲ. ಮನೆ ಎಂದ ಮೇಲೆ ಒಳಗೆ ಯಾರಾದರೂ ಇದ್ದೇ ಇರುತ್ತಾರೆ, ಮುದುಕಿಯೋ, ಬಾಣಂತಿಯೋ, ನನ್ನಂಥ ಸೊಸೆಯೋ. ಅವಳಿಗೆ ಹಾಗೆ ಯಾರೂ ಇರಲಿಲ್ಲ. ಬೀಗ ಹಾಕಿ, ಒಂದು ಸಲ ಜಗ್ಗಿ ನೋಡಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದುಬಿಡುತ್ತಿದ್ದಳು. ನಾನು ಕಿಟಕಿಯ ಸಂದಿಯಿಂದ ನೋಡುತ್ತಿದ್ದೆ. ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತು ಹತ್ತಿತು. ನಂಜನಗೂಡಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ರುದ್ರಾಣಿ.

ಲೆಕ್ಕದಲ್ಲಿ ನಾನು ಮುಂದು. ಅವಳು ನನ್ನ ಹಲಗೆ ನೋಡಿ ಬರೆಯುತ್ತಿದ್ದಳು. ಮೂರನೆಯ ತರಗತಿಯಲ್ಲಿದ್ದಾಗ ನನ್ನ ಅವ್ವ ತೀರಿಕೊಂಡಳು, ತಮ್ಮಂದಿರನ್ನು ನೋಡಿಕೊಳ್ಳಲು ನನ್ನನ್ನು ಸ್ಕೂಲು ಬಿಡಿಸಿದರು. ಅವಳು ಓದುತ್ತ ಹೋದಳು. ಅವಳಿಗೆ ಮದುವೆಯಾಯಿತು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಅಣ್ಣನ ಮನೆಗೆ ತಿರುಗಿ ಬಂದು ಅತ್ತಿಗೆಯ ಕೈಕೆಳಗೆ ಪಾತ್ರೆ ಬೆಳಗುತ್ತಿದ್ದಾಳೆ ಎಂದು ನಮ್ಮಪ್ಪ ಒಮ್ಮೆ ಹೇಳಿದ್ದರು. ಆಗ ನನಗೆ ಅಯ್ಯೋ ಎನ್ನಿಸಿತ್ತು, ಸ್ವಲ್ಪ ಸಮಾಧಾನವೂ ಆಗಿತ್ತು. ಅಲ್ಲಿಂದ ಅವಳು ಮೈಸೂರಿಗೆ ಹೋಗಿ, ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವುದನ್ನು ಕಲಿತು, ಮಹಾರಾಜರ ಸರ್ಕಾರದ ಸೂಲಗಿತ್ತಿಯಾಗಿ ನಮ್ಮ ಎದುರಿಗೇ ಬಂದು ನಿಂತಿದ್ದಳು. ಗಂಡ ಬಿಟ್ಟವಳ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ಲೋಕದಲ್ಲಿ ನಾನೊಬ್ಬಳೇ ಇರಬೇಕು. ನನ್ನ ಗಂಡ ಸಣ್ಣಯ್ಯ ಒಳ್ಳೆಯವರು, ಕೈ ಎತ್ತಿದವರಲ್ಲ. ಆದರೂ ನನ್ನದು ಎನ್ನುವ ಒಂದು ಬೀಗದ ಕೈ ಈ ಮನೆಯಲ್ಲಿ ಇರಲಿಲ್ಲ.

ನಮ್ಮ ಅತ್ತೆ ಕೆಂಪಾಜಮ್ಮನಿಗೆ ಹೊಟ್ಟೆ ಉರಿಯಲು ನನಗಿಂತ ದೊಡ್ಡ ಕಾರಣವಿತ್ತು. ಅವರು ಊರಿನ ಸೂಲಗಿತ್ತಿ. ತಮ್ಮ ಅತ್ತೆಯಿಂದ ಕಲಿತ ಕೆಲಸ. ಹೊಲದ ರಾಗಿ ಒಂದು ವರ್ಷ ಬರುತ್ತಿತ್ತು, ಒಂದು ವರ್ಷ ಬರುತ್ತಿರಲಿಲ್ಲ. ಅಕ್ಕಿ ಗುಡಾಣ ಮಾತ್ರ ಅವರ ಮೊರದಿಂದ ತುಂಬುತ್ತಿತ್ತು.

ಕೂಸು ಹುಟ್ಟಿದ ಕೂಡಲೇ ಅದನ್ನು ಎತ್ತಿ ಮೊರದಲ್ಲಿ ಮಲಗಿಸುವವಳು ಸೂಲಗಿತ್ತಿ. ಹೆರಿಗೆಯ ಸೂತಕ ಕಳೆಯುವ ಪುರುಡಿನ ದಿನ ಬಾಣಂತಿ ತಲೆಗೆ ನೀರು ಹಾಕಿಕೊಂಡು ಹೊರಗೆ ಬಂದ ಮೇಲೆ, ಅದೇ ಮೊರದ ತುಂಬ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆಅಡಿಕೆ, ರವಿಕೆ ಕಣ ಇಟ್ಟು ಸೂಲಗಿತ್ತಿಯ ಮಡಿಲಿಗೆ ಹಾಕಬೇಕು. ಆಮೇಲೆ ತಾಯಿ ತಾನೇ ಚೆಂಬು ಹಿಡಿದು ಅವಳ ಕೈಗೆ ನೀರು ಹೊಯ್ಯಬೇಕು. ಇದಕ್ಕೆ ಕೈ ತೊಳೆಸುವುದು ಅನ್ನುತ್ತಾರೆ. ಅಲ್ಲಿಯವರೆಗೆ ಕೂಸು ಸೂಲಗಿತ್ತಿಯ ಕೈಯಲ್ಲೇ ಇದ್ದ ಹಾಗೆ. ನೀರು ಬಿದ್ದ ಮೇಲೆ ತಾಯಿಯದು. ಮೊರದಲ್ಲಿ ಏನಿರಬೇಕೆಂದು ಯಾರೂ ಕಟ್ಟುಮಾಡಿಲ್ಲ, ಒಂದು ಹಿಡಿ ರಾಗಿ ಹಾಕಿ ಕೈ ತೊಳೆಸಿದ ಮನೆಗಳೂ ಉಂಟು. ಆದರೆ ಕೊಡುವವರು ಕೊಡದೆ ಇರುವಂತಿಲ್ಲ, ತೆಗೆದುಕೊಳ್ಳುವವಳು ಬೇಡವೆನ್ನುವಂತಿಲ್ಲ.

ರುದ್ರಾಣಿಯ ಸಂಬಳದ ಸಂಗತಿ ನಮ್ಮ ಮನೆಗೆ ತಂದದ್ದು ತಾಲ್ಲೂಕು ಕಚೇರಿಯ ಜವಾನ ಮಾದಪ್ಪ. ಎದೆಗೆ ಅಡ್ಡವಾಗಿ ಪಟ್ಟಿ, ಅದರ ಮೇಲೆ ಹಿತ್ತಾಳೆ ಬಿಲ್ಲೆ. ಸಂಜೆ ಕಚೇರಿ ಬಿಟ್ಟ ಮೇಲೆ ನಮ್ಮ ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡು, ಸರ್ಕಾರ ತಾನೇ ನಡೆಸುವವನ ಹಾಗೆ ಮಾತಾಡುವುದು ಅವನ ಪದ್ಧತಿ. ತಿಂಗಳಿಗೆ ಹನ್ನೆರಡು ರೂಪಾಯಿ, ಅವನಿಗಿಂತ ಹೆಚ್ಚು, ಅಂದ. ಹೇಳುವಾಗ ಅವನ ಬಾಯಿಯೂ ಸ್ವಲ್ಪ ಕಹಿಯಾಗಿತ್ತು.

ಅತ್ತೆ ಕೇಳಿದರು, "ಎರಿಗೆ ಇಲ್ದಿದ್ ತಿಂಗ್ಳು?"

"ಇದ್ರೂ ಅನ್ನೆರಡು, ಇಲ್ದಿದ್ರೂ ಅನ್ನೆರಡು ಕಣವ್ವ."

"ಕುಯ್ಲಿಲ್ದೆ ಕೂಲಿ ಅನ್ನು."

ಮನೆ ಬಾಡಿಗೆ ಸರ್ಕಾರದ್ದೇ ಎಂದ. ಹಳ್ಳಿಗೆ ಹೋದರೆ ಗಾಡಿ ಖರ್ಚು ಬೇರೆ, ಅದಕ್ಕೆ ಭತ್ಯ ಅನ್ನುತ್ತಾರೆ. ಮೈ ಸರಿಯಿಲ್ಲದಿದ್ದರೆ ರಜಾ, ರಜಾದಲ್ಲೂ ಸಂಬಳ. ಒಂದೊಂದನ್ನು ಅವನು ಹೇಳಿದಾಗಲೂ ಅತ್ತೆ ಒಂದೊಂದು ಕುಹಕ ಆಡಿದರು. ರಜಾದ ಮಾತಿಗೆ, ಬಸುರಿಗೂ ರಜಾ ಕೊಡ್ತದಾ ನಿಮ್ ಸರ್ಕಾರ, ನೋವು ಬಂದಾಗ ನಾಳೆ ಬಾ ಅಂತ ಏಳಕ್ಕೆ, ಎಂದು ಕೇಳಿ ಮಾದಪ್ಪನನ್ನೇ ನಗಿಸಿದರು. ಕೊನೆಗೆ ಅವನು ಪಿಂಚಣಿಯ ಮಾತು ತೆಗೆದ. ವಯಸ್ಸಾಗಿ ಕೈಲಾಗದೆ ಮನೆಯಲ್ಲಿ ಕೂತರೂ ಬದುಕಿರುವವರೆಗೆ ಒಂದಿಷ್ಟು ಬರುತ್ತಲೇ ಇರುತ್ತದೆ, ಅಂದ. ಅದಕ್ಕೆ ಅತ್ತೆ ಕುಹಕ ಆಡಲಿಲ್ಲ.

"ಕಣ್ ಓದ್ಮೇಲೂವಾ?" ಅಂದರು.

"ಓದ್ಮೇಲೂ ಕಣವ್ವ."

ಅತ್ತೆ ಸೆರಗಿನಿಂದ ಕಣ್ಣು ಉಜ್ಜಿಕೊಂಡರು. ಆ ವರ್ಷದಿಂದ ಅವರ ಕಣ್ಣಲ್ಲಿ ಬಿಳಿ ಪೊರೆ ಬರುತ್ತಿದ್ದದ್ದು ನನಗೊಬ್ಬಳಿಗೇ ಗೊತ್ತಿತ್ತು. ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ ಯಾವಾಗಲೋ ನನಗೆ ದಾಟಿಸಿದ್ದರು. ಮಾದಪ್ಪ ಎದ್ದು ಹೋದ ಮೇಲೆ ಎದುರು ಮನೆಯ ಕಡೆ ಮುಖ ಮಾಡಿ, "ಸರ್ಕಾರ ಅಂದ್ರೆ ನಮ್ ಕಂದಾಯ ತಾನೆ. ನಮ್ ದುಡ್ನಲ್ಲೇ ನಮ್ ಬಾಯ್ಗೆ ಮಣ್ಣು" ಎಂದು ಒಳಗೆ ಬಂದರು.

ರುದ್ರಾಣಿಯನ್ನು ಮೊದಲು ಕರೆಸಿದವಳು ಹರಿಗೋಲು ಹಾಕುವವನ ಹೆಂಡತಿ ಮಂಚಮ್ಮ. ಪುಕ್ಕಟೆ ಎಂದು ಕೇಳಿ ಕರೆಸಿದಳು. ಹೆರಿಗೆ ಹೂವು ಎತ್ತಿದ ಹಾಗೆ ಆಯಿತಂತೆ. ಗಂಡು ಕೂಸು. ಊರೆಲ್ಲ ಹೊಗಳಿತು. ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಪುರುಡಿಗೆ ನಮಗೂ ಕರೆ ಬಂತು. ಸರ್ಕಾರದ ಕೆಲಸ ಪುಕ್ಕಟೆಯಾದರೂ ಮೊರ ಮೊರವೇ ಎಂದು ಮಂಚಮ್ಮ ಚೆನ್ನಾಗಿಯೇ ತುಂಬಿದ್ದಳು. ಅಕ್ಕಿಯ ಮೇಲೆ ಹಸಿರು ರವಿಕೆ ಕಣ, ಅದರ ಮೇಲೆ ಇಡೀ ತೆಂಗಿನಕಾಯಿ. ರುದ್ರಾಣಿ ಬಂದಳು, ಕೂಸಿನ ಹೊಕ್ಕುಳು ನೋಡಿದಳು, ಒಣಗಿದೆ ಅಂದಳು. ಮೊರ ಎತ್ತಿ ಹಿಡಿದಾಗ ಎರಡು ಹೆಜ್ಜೆ ಹಿಂದೆ ಸರಿದಳು. ತೆಗೆದುಕೊಳ್ಳುವಂತಿಲ್ಲ, ಕೆಲಸಕ್ಕೆ ಸೇರುವಾಗ ಏನೂ ಮುಟ್ಟುವುದಿಲ್ಲವೆಂದು ಬರೆದುಕೊಟ್ಟಿದ್ದೇನೆ, ಅಂದಳು. ಮಂಚಮ್ಮ ಚೆಂಬು ಹಿಡಿದುಕೊಂಡು ನಿಂತೇ ಇದ್ದಳು.

"ನನಗೆ ಸಂಬಳ ಬರ್ತದೆ ಕಣಮ್ಮ. ಇದು ನಿನಗೇ ಇರಲಿ, ಗಂಜಿಗಾಗ್ತದೆ" ಎಂದು ರುದ್ರಾಣಿ ಅವಳ ಭುಜ ತಟ್ಟಿ ಹೊರಟುಹೋದಳು. ದೊಡ್ಡ ಉಪಕಾರ ಮಾಡಿದವಳ ಮುಖವಿತ್ತು ಅವಳದು.

ಮೊರ ನಡುಮನೆಯಲ್ಲಿ ಹಾಗೇ ಇತ್ತು. ಅದನ್ನು ಒಳಗಿಡುವುದೋ, ಹೊರಗಿಡುವುದೋ ಯಾರಿಗೂ ತಿಳಿಯಲಿಲ್ಲ. ಮಂಚಮ್ಮ ತೊಟ್ಟಿಲಿನ ಕಡೆ ನೋಡಿದ ನೋಟ ನನಗೆ ಮರೆಯುವುದಿಲ್ಲ. ತನ್ನದೋ ಅಲ್ಲವೋ ಎಂದು ನೋಡುವ ಹಾಗೆ ನೋಡಿದಳು. ವಾರದ ಮೇಲೆ ಕೂಸಿಗೆ ಜ್ವರ ಬಂತು. ಅದು ಇಳಿದೂ ಹೋಯಿತು. ಆದರೆ ಅಷ್ಟರಲ್ಲಿ ಅತ್ತೆ ಬೀದಿಯ ಉದ್ದಕ್ಕೂ ಒಂದು ಸುತ್ತು ಬಂದಿದ್ದರು. ಕೈ ತೊಳೆಸದ ಕೂಸು, ಇನ್ನೂ ಸರ್ಕಾರದ್ದೇ, ಅಂದಿದ್ದರು.

ಆಮೇಲೆ ರುದ್ರಾಣಿಯ ಬಾಗಿಲಿಗೆ ಯಾರೂ ಹೋಗಲಿಲ್ಲ. ಅವಳ ಮನೆಯ ಮುಂದೆಯೇ ಗಾಡಿ ನಿಲ್ಲಿಸಿ ನಮ್ಮ ಅತ್ತೆಯನ್ನು ಕರೆದುಕೊಂಡು ಹೋಗುತ್ತಿದ್ದರು. ಅತ್ತೆ ಗಾಡಿ ಹತ್ತುವಾಗ ಬೇಕೆಂದೇ ಕೆಮ್ಮುತ್ತಿದ್ದರು. ಅವಳು ಕಿಟಕಿ ಮುಚ್ಚಿಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಹೊಳೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಅವಳು ಬಂದು ಪಕ್ಕದ ಕಲ್ಲಿನ ಮೇಲೆ ಕೂತಳು. ಮೊದಲು ಸ್ಕೂಲಿನ ಮಾತು ಆಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ನನ್ನ ಕತ್ತರಿ ನೋಡಿ ಹೆದರ್ತಾರೆ ಅಂತ ಸೆರಗಲ್ಲಿ ಮುಚ್ಕೊಂಡು ಓಡಾಡ್ತೀನಿ ಕಣೇ ಪುಟ್ಟಿ. ಸೋಪಿನ ವಾಸನೆ ಆಗಲ್ವೇನೋ ಅಂತ ಸೀಗೆಪುಡೀಲಿ ಕೈ ತೊಳೀತೀನಿ. ಆದ್ರೂ ಕರೆಯಲ್ಲ. ಯಾಕೆ ಅಂತ ನಿಂಗೇನಾದ್ರೂ ಗೊತ್ತಾ?" ಎಂದು ಕೇಳಿದಳು.

ಪುರುಡಿನ ದಿನ ತಾನು ಮಾಡಿದ್ದು ದೊಡ್ಡತನವೆಂದೇ ಅವಳು ತಿಳಿದಿದ್ದಳು. ಅದೇ ಕಾರಣವಿರಬಹುದೆಂದು ಅವಳಿಗೆ ಹೊಳೆದಿರಲೇ ಇಲ್ಲ. ನನಗೆ ಗೊತ್ತಿತ್ತು. ಸೀರೆ ಹಿಂಡುತ್ತ, ಗೊತ್ತಿಲ್ಲ ಎಂದು ತಲೆಯಾಡಿಸಿದೆ. ಸ್ಕೂಲಿನಲ್ಲಿ ನಾನು ಹಾಗೆ ಹಲಗೆ ಮುಚ್ಚಿಕೊಂಡವಳಲ್ಲ. ಆದರೆ ಅವಳು ಎದ್ದು ನಿಂತಾಗ ಸೊಂಟದ ಬೀಗದ ಕೈ ಬಿಸಿಲಿಗೆ ಹೊಳೆಯಿತು.

ಆಗ ನನಗೆ ಐದು ತಿಂಗಳು ತುಂಬಿತ್ತು. ಇದಕ್ಕೆ ಮೊದಲಿನದು ಉಳಿದಿರಲಿಲ್ಲ. ಅತ್ತೆಯೇ ಮಾಡಿಸಿದ್ದರು. ಅವರ ತಪ್ಪೆಂದು ನಾನು ಹೇಳಲಾರೆ, ಯಾರ ತಪ್ಪೆಂದೂ ಹೇಳಲಾರೆ. ತವರಿಗೆ ಹೋಗೋಣವೆಂದರೆ ಅಲ್ಲಿ ಅವ್ವನಿಲ್ಲ. ಈ ಸಲ ಹೇಗಾದರೂ ರುದ್ರಾಣಿಯ ಕೈಯಲ್ಲಿ ಆಗಲಿ ಎಂದು ಮನಸ್ಸು ಒಳಗೊಳಗೇ ಹಿಡಿದುಕೊಂಡಿತ್ತು. ಅವಳನ್ನು ಕಂಡರೆ ಉರಿ, ಅವಳ ಕೈಮೇಲೆ ನಂಬಿಕೆ. ಆದರೆ ಸೂಲಗಿತ್ತಿಯ ಸೊಸೆ ಬೇರೆ ಸೂಲಗಿತ್ತಿಯನ್ನು ಕರೆಸಿದರೆ ಅತ್ತೆ ಊರಲ್ಲಿ ತಲೆಯೆತ್ತುವುದು ಹೇಗೆ? ಆ ಮಾತು ಬಾಯಿಗೆ ತರುವ ಧೈರ್ಯವೂ ನನಗಿರಲಿಲ್ಲ. ಅತ್ತೆಯ ಎದುರು ನಾನು ಹೂಂ, ಊಹೂಂ ಬಿಟ್ಟು ಮಾತಾಡಿದ್ದೇ ಕಡಮೆ.

ಆ ಹೊತ್ತಿಗೆ ನಮ್ಮ ಬೀದಿಯ ಗುರುಸಿದ್ದಮ್ಮನವರ ಸೊಸೆಯ ಹೆರಿಗೆ ಬಂತು. ನಾನು ಬಿಸಿನೀರು ಕೊಡಲು ಜೊತೆಗೆ ಹೋಗಿದ್ದೆ. ಮಧ್ಯಾಹ್ನದ ಹೊತ್ತು, ಬಾಗಿಲು ತೆರೆದೇ ಇತ್ತು, ಬೆಳಕು ಚೆನ್ನಾಗಿತ್ತು. ಎಲ್ಲ ಸರಿಯಾಗಿಯೇ ಆಯಿತು. ಆದರೆ ಹೊಕ್ಕುಳ ಬಳ್ಳಿಗೆ ದಾರ ಕಟ್ಟುವಾಗ ಅತ್ತೆ ದಾರದ ತುದಿಯನ್ನು ಗಾಳಿಯಲ್ಲಿ ಹುಡುಕಿದರು. ಎರಡು ಸಲ ಹುಡುಕಿದರು. ನಾನು ತುದಿಯನ್ನು ಹಿಡಿದು ಅವರ ಬೆರಳಿಗೆ ಕೊಟ್ಟೆ. ಕೂಸನ್ನು ಮೊರಕ್ಕೆ ಹಾಕುವಾಗ ಮೊರದ ಅಂಚು ತಪ್ಪಿತು. ಕೆಳಗೆ ನನ್ನ ಕೈ ಇತ್ತು. ಗುರುಸಿದ್ದಮ್ಮ ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. ಮರುದಿನ ಹೊಳೆಯ ಮೆಟ್ಟಿಲಲ್ಲಿ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಕೆಂಪಾಜಮ್ಮನ ಕಣ್ಣು ಹೋಯಿತು, ಇನ್ನುಮೇಲೆ ಹೊಳೆ ದಾಟಿ ಸೋಮನಾಥಪುರದ ಸಣ್ಣತಾಯಮ್ಮನನ್ನೇ ಕರೆಸಬೇಕು ಎಂದು. ನನ್ನನ್ನು ಕಂಡು ಮಾತು ನಿಲ್ಲಿಸಿದರು.

ಸಣ್ಣತಾಯಮ್ಮ ಎಂದರೆ ಅತ್ತೆಗೆ ರುದ್ರಾಣಿಗಿಂತ ಹಳೆಯ ಉರಿ. ಇಬ್ಬರೂ ಒಂದೇ ಕಾಲದವರು. ಒಮ್ಮೆ ಬಸವಣ್ಣ ಸಾಹುಕಾರರ ಮಗಳ ಹೆರಿಗೆಗೆ ಸಣ್ಣತಾಯಮ್ಮನನ್ನು ಕರೆಸಿ ಜರಿ ಅಂಚಿನ ಸೀರೆ ಮಡಿಲಿಗಿಟ್ಟಿದ್ದರಂತೆ. ಆ ಸೀರೆಯ ಬಣ್ಣವನ್ನು ಅತ್ತೆ ಇವತ್ತಿಗೂ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ.

ಅದೇ ವಾರ ಮಾದಪ್ಪ ಇನ್ನೊಂದು ಸುದ್ದಿ ತಂದ. ಮೈಸೂರಿನಿಂದ ದೊಡ್ಡ ಡಾಕ್ಟರು ಸಂಕ್ರಾಂತಿ ಕಳೆದ ಮೇಲೆ ಬರುತ್ತಾರೆ. ಪುಕ್ಕಟೆ ಸೂಲಗಿತ್ತಿಯನ್ನು ಕೊಟ್ಟರೂ ಬೇಡವೆನ್ನುವ ಊರಿಗೆ ಸರ್ಕಾರ ಯಾಕೆ ದುಡ್ಡು ಸುರಿಯಬೇಕು ಎಂದು ಕೇಳಿದ್ದಾರಂತೆ. ಅಷ್ಟರಲ್ಲಿ ಜನ ಕರೆಸಲು ಶುರು ಮಾಡದಿದ್ದರೆ ಈ ಕೆಲಸವನ್ನು ಬೇರೆ ತಾಲ್ಲೂಕಿಗೆ ಕೊಡುತ್ತಾರೆ, ರುದ್ರಾಣಿಯನ್ನು ಬಿಡಿಸಿ ಕಳಿಸುತ್ತಾರೆ. ಅವಳು ನಂಜನಗೂಡಿನ ಅಣ್ಣನ ಮನೆಗೆ, ಅತ್ತಿಗೆಯ ಪಾತ್ರೆಗಳ ಮುಂದಕ್ಕೆ ತಿರುಗಿ ಹೋಗಬೇಕು.

ಅತ್ತೆ ಅವತ್ತು ಮಾದಪ್ಪನನ್ನು ಕರೆದು ಕಜ್ಜಾಯ ಕೊಟ್ಟರು.

ನಾನು ಒಳಗೆ ರಾಗಿ ಬೀಸುತ್ತ ಕೂತೆ. ರುದ್ರಾಣಿ ಎದುರು ಮನೆಯ ಬೀಗವನ್ನು ಸರ್ಕಾರಕ್ಕೆ ಒಪ್ಪಿಸಿ ಗಾಡಿ ಹತ್ತುವುದನ್ನು ಕಣ್ಣಮುಂದೆ ತಂದುಕೊಂಡೆ. ಸಿಹಿಯಾಗಿಯೇ ಇತ್ತು. ಆದರೆ ಆ ಗಾಡಿ ಹೋದ ಮೇಲೆ ನನ್ನ ಹೆರಿಗೆಯ ಕೋಣೆಯಲ್ಲಿ ದಾರದ ತುದಿ ಹುಡುಕುವ ಬೆರಳುಗಳು ಮಾತ್ರ ಉಳಿಯುತ್ತಿದ್ದವು. ಹೊಟ್ಟೆಯೊಳಗೆ ಕೂಸು ಒದೆಯಿತು. ನಾನು ಬೀಸುವ ಕಲ್ಲು ನಿಲ್ಲಿಸಿದೆ. ಅತ್ತೆ ಹೊಸ್ತಿಲ ಮೇಲೆ ಕೂತು, ಅವಳು ಊರು ಬಿಟ್ಟು ಓದ್ರೆ ಸಾಕಪ್ಪ, ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

"ಅವಳು ಓದ್ರೆ ಸಣ್ಣತಾಯಮ್ಮ ಬತ್ತಾರೆ, ಅತ್ತೆಮ್ಮ" ಅಂದೆ.

ಅತ್ತೆ ತಿರುಗಿ ನೋಡಿದರು. ನಾನು ಅಷ್ಟು ಉದ್ದದ ಮಾತಾಡಿದ್ದೇ ಅವರಿಗೆ ಆಶ್ಚರ್ಯ. ಹೊಳೆಯಲ್ಲಿ ಕೇಳಿದ್ದನ್ನು ಹೇಳಿದೆ. ಗುರುಸಿದ್ದಮ್ಮನವರು ನೋಡಿದ್ದನ್ನೂ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಕೈಯನ್ನು ಮುಖದ ಮುಂದೆ ಹಿಡಿದು, ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡರು.

"ಕತ್ತರಿ ಅವಳು ಇಡ್ಕೊಳ್ಲಿ, ಮೊರ ನೀವು ಇಡ್ಕೊಳಿ" ಅಂದೆ. "ಕೂಸ್ನ ಮೊರಕ್ಕೆ ತಕ್ಕಂಡವ್ರ ಕೈ ತಾನೆ ತೊಳ್ಸೋದು. ಅವಳು ಮೊರ ಮುಟ್ಟಂಗಿಲ್ಲ. ನೀವು ಮುಟ್ಬೋದಲ್ಲ. ನಿಮಗೇನು ಸರ್ಕಾರ ಕಟ್ಟುಮಾಡಿಲ್ಲ."

ಅತ್ತೆ ಗೋಡೆಗೆ ಒರಗಿಸಿದ್ದ ಮೊರವನ್ನು ಎಳೆದುಕೊಂಡು ಅದರ ಅಂಚನ್ನು ಸವರಿದರು. ಆಮೇಲೆ, "ಕೂತ್ಕಂಡೇ ಮೊರ ಬತ್ತದೆ ಅನ್ನು" ಅಂದರು.

"ಕೂತ್ಕಂಡೇ."

"ಕಣ್ ಓದ್ಮೇಲೂ?"

"ಓದ್ಮೇಲೂ, ಅತ್ತೆಮ್ಮ."

"ಬಾಯಿಲ್ದೋಳು ಅನ್ಕಂಡಿದ್ದೆ ಕಣಮ್ಮಿ ನಿನ್ನ" ಎಂದು ಅವರು ಎದ್ದು ಹೋದರು.

ಮರುದಿನ ಅತ್ತೆ ತಾವಾಗಿಯೇ ರಸ್ತೆ ದಾಟಿ ಎದುರು ಮನೆಯ ಜಗಲಿಯ ಮೇಲೆ ಕೂತರು. ರುದ್ರಾಣಿಗೆ ಮೊದಲು ಏನೂ ತಿಳಿಯಲಿಲ್ಲ. ಮಂಚಮ್ಮನ ಮೊರದ ಕಥೆ ಕೇಳಿದಾಗ ಅವಳ ಮುಖ ಕೆಂಪಾಯಿತು. ಹೊಳೆಯ ಮೆಟ್ಟಿಲಲ್ಲಿ ನಾನು ತಲೆಯಾಡಿಸಿದ್ದು ನೆನಪಾಗಿರಬೇಕು, ಬಾಗಿಲ ಬಳಿ ನಿಂತಿದ್ದ ನನ್ನನ್ನು ಒಂದು ಕ್ಷಣ ದಿಟ್ಟಿಸಿದಳು. ನಾನು ಸೆರಗು ಸರಿಮಾಡಿಕೊಂಡೆ. ತಾನು ಏನನ್ನೂ ಮುಟ್ಟದಿದ್ದರೆ ತನ್ನ ಮಾತು ಉಳಿಯಿತು, ಯಾರೋ ಯಾರಿಗೋ ಮಡಿಲು ತುಂಬಿದರೆ ಸರ್ಕಾರಕ್ಕೇನು ಎಂದು ಕೊನೆಗೆ ಒಪ್ಪಿದಳು. ಆದರೆ ಒಂದು ಕರಾರು ಹಾಕಿದಳು.

"ಮೊರ ಹಿಡಿಯೋ ಮುಂಚೆ ಸೋಪಲ್ಲಿ ಕೈ ತೊಳ್ಕೋಬೇಕು, ಕೆಂಪಾಜವ್ವ."

"ಎರಿಗೆಗೆ ಮುಂಚೇನೇ ಕೈ ತೊಳೆಸ್ತೀಯಾ? ಪುರುಡಿಗೆ ಅವರೇನು ಮಾಡಾರು?" ಎಂದು ಅತ್ತೆ ರೇಗಿದರು. ಆದರೂ ತೊಳೆದುಕೊಂಡರು. ಆ ಸೋಪಿನ ವಾಸನೆ ನಮ್ಮ ಅಡಿಗೆಮನೆಯವರೆಗೂ ಬರುತ್ತಿತ್ತು.

ಮೊದಲು ಮಂಚಮ್ಮನ ಮನೆಯದೇ ಸರಿಯಾಗಬೇಕಿತ್ತು. ಅತ್ತೆ ಹೋಗಿ, ಹಳೆಯ ಮೊರಕ್ಕೆ ಕೂಸನ್ನು ಮತ್ತೊಮ್ಮೆ ಮಲಗಿಸಿ ಎತ್ತಿ, ಮಡಿಲು ತುಂಬಿಸಿಕೊಂಡು, ಕೈ ತೊಳೆಸಿಕೊಂಡು ಬಂದರು. ತಾವು ಮಾಡದ ಹೆರಿಗೆಗೆ ತೆಂಗಿನಕಾಯಿ, ರವಿಕೆ ಕಣ. ಆ ದಿನ ಅವರು ಎರಡು ಮುದ್ದೆ ಉಂಡರು. ಮಂಚಮ್ಮ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೀದಿಯಲ್ಲಿ ತಿರುಗಿದಳು. ಅದಾದ ಮೇಲೆ ಗಾಣಿಗರ ಮನೆಯಿಂದ ಕರೆ ಬಂತು, ಅಲ್ಲಿಂದ ಹೊಳೆಯಾಚೆಯಿಂದಲೂ ಬಂತು. ಗಾಡಿಯಲ್ಲಿ ಮುಂದೆ ರುದ್ರಾಣಿ, ಹಿಂದೆ ಮೊರ ಹಿಡಿದುಕೊಂಡ ಅತ್ತೆ. ದೊಡ್ಡ ಡಾಕ್ಟರು ಬಂದಾಗ ನಾಲ್ಕಾರು ಮನೆಯ ಹೆಂಗಸರನ್ನು ಕರೆಸಿ ವಿಚಾರಿಸಿದರಂತೆ. ಎಲ್ಲರೂ ಒಳ್ಳೆಯ ಮಾತೇ ಆಡಿದರು. ಮೊರದ ಸಂಗತಿ ಯಾರೂ ಎತ್ತಲಿಲ್ಲ, ಅವರೂ ಕೇಳಲಿಲ್ಲ. ರುದ್ರಾಣಿಯ ಕೆಲಸ ಉಳಿಯಿತು.

ಮಾದಪ್ಪ ಜಗಲಿಯಲ್ಲಿ ಕೂತು, "ಕೆಂಪಾಜವ್ವಂಗೂ ಪಿಂಚಣಿ ಆಯ್ತು, ನಮ್ಮಂಥ ಬಿಲ್ಲೆಯವ್ರೇ ಕೆಟ್ಟೋರು" ಎಂದು ನಕ್ಕ. ಅವನ ನಗು ಕಣ್ಣಿನವರೆಗೆ ಹೋಗಲಿಲ್ಲ.

ಇನ್ನು ಮುಂದೆ ಉರಿ ತಣ್ಣಗಾಗುತ್ತದೆ ಎಂದು ನಾನು ತಿಳಿದಿದ್ದೆ. ಅದು ಮನೆ ಬದಲಾಯಿಸಿತು ಅಷ್ಟೆ. ಆ ಬೇಸಿಗೆಯಲ್ಲಿ ಅಕ್ಕಿ ಬೆಲೆ ಏರಿತು. ಸಂತೆಯಲ್ಲಿ ಹೆಂಗಸರು ಅಕ್ಕಿಯನ್ನು ಮುಟ್ಟಿ ನೋಡಿ ರಾಗಿ ಕೊಳ್ಳುತ್ತಿದ್ದರು. ನಮ್ಮ ಗುಡಾಣ ಮಾತ್ರ ತುಂಬಿಯೇ ಇತ್ತು, ಅಕ್ಕಿಯ ಬೆಲೆ ಏನಾದರೂ ಆಗಲಿ ಮೊರಕ್ಕೆ ಬೀಳುವ ಅಕ್ಕಿ ಕಡಮೆಯಾಗುವುದಿಲ್ಲ. ರುದ್ರಾಣಿಯ ಹನ್ನೆರಡು ರೂಪಾಯಿ ಹನ್ನೆರಡಾಗಿಯೇ ಇತ್ತು, ಅದರಲ್ಲಿ ಅಣ್ಣನ ಮನೆಗೂ ಒಂದಿಷ್ಟು ಹೋಗುತ್ತಿತ್ತು. ಗಾಡಿಯಿಂದ ಇಳಿಯುವಾಗ ಅವಳ ಕಣ್ಣು ಅತ್ತೆಯ ಮಡಿಲಿನ ಮೇಲಿರುವುದನ್ನು ನಾನು ಕಿಟಕಿಯಿಂದ ಕಂಡೆ. ಬೆವರಿ ಕೆಲಸ ಮಾಡಿದವಳು ತಾನು, ತುಂಬಿದ ಮೊರ ಅವರದು. ಅತ್ತೆ ಬಾಳೆಹಣ್ಣು ಸುಲಿದು ತಿನ್ನುತ್ತ, "ತಿಂಗ್ಳಾಯ್ತಾ ತಾಯಿ, ಸಂಬಳ ಬಂತಾ?" ಎಂದು ಕೇಳುತ್ತಿದ್ದರು. ಅವರಿಗೆ ಆ ಹನ್ನೆರಡರ ಮೇಲಿನ ಆಸೆ ಇನ್ನೂ ಹೋಗಿರಲಿಲ್ಲ.

ನನಗೆ ಒಂದು ಬೆಳಿಗ್ಗೆ ನೋವು ಶುರುವಾಯಿತು. ಈಗ ರುದ್ರಾಣಿಯನ್ನು ಕರೆಯುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಅತ್ತೆಯೇ ಬಾಗಿಲಲ್ಲಿ ನಿಂತು ಕೂಗಿದರು. ರುದ್ರಾಣಿ ಬಂದು ಕೈ ತೊಳೆದಳು, ಕತ್ತರಿಯನ್ನು ಕುದಿಯುವ ನೀರಿಗೆ ಹಾಕಿದಳು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. ಹೊಟ್ಟೆಕಿಚ್ಚು, ಹೊಳೆಯ ಮೆಟ್ಟಿಲು, ಎಲ್ಲ ಆ ಹೊತ್ತಿನಲ್ಲಿ ಎಲ್ಲಿ ಹೋಗಿದ್ದವೋ. "ಹಲಗೆ ತೋರ್ಸಿದ್ದೆ ನೀನು, ನಂಗೆ ನೆನಪಿದೆ. ಈಗ ನಾನು ಹೇಳ್ದಾಗ ಉಸಿರು ಹಿಡಿದು ಮುಕ್ಕು" ಎಂದು ಅವಳು ಕಿವಿಯ ಹತ್ತಿರ ಹೇಳಿದಳು. ಬಿಸಿಲು ಹಿತ್ತಲಿಗೆ ಬರುವ ಹೊತ್ತಿಗೆ ಕೂಸು ಅತ್ತಿತು. ಹೆಣ್ಣು. ಅತ್ತೆ ಮೊರ ಚಾಚಿ ಹಿಡಿದಿದ್ದರು. ಈ ಸಲ ಅಂಚು ತಪ್ಪಲಿಲ್ಲ. ರುದ್ರಾಣಿ ಅವರ ಕೈಯನ್ನೂ ಮೊರವನ್ನೂ ಸೇರಿಸಿ ಹಿಡಿದಿದ್ದಳು.

ಪುರುಡಿನ ದಿನ ಒಂದು ತಮಾಷೆ ನಡೆಯಿತು. ಮನೆಯ ಹೆರಿಗೆಯಾದರೂ ಶಾಸ್ತ್ರ ಬಿಡುವಂತಿಲ್ಲ ಎಂದು ಅತ್ತೆ ಹಟ ಹಿಡಿದರು. ನಮ್ಮ ಗುಡಾಣದಿಂದಲೇ ಅಕ್ಕಿ ತೆಗೆದು ಮೊರ ತುಂಬಿದೆವು. ಅದನ್ನು ಅವರ ಮಡಿಲಿಗೆ ಹಾಕಿ ನಾನು ಕೈಗೆ ನೀರು ಹೊಯ್ದೆ. ಅವರು ಗಂಭೀರವಾಗಿ ಎದ್ದು, ಮಡಿಲು ಹಿಡಿದುಕೊಂಡು ಒಳಗೆ ಹೋಗಿ, ಅದೇ ಗುಡಾಣಕ್ಕೆ ಅಕ್ಕಿ ಸುರಿದರು. ನನ್ನ ಗಂಡ ನಗು ತಡೆಯಲಾರದೆ ಹಿತ್ತಲಿಗೆ ಹೋದರು. ರುದ್ರಾಣಿ ಬಾಗಿಲ ಪಕ್ಕದಲ್ಲಿ ನಿಂತಿದ್ದಳು. ಅವಳು ನಗಲಿಲ್ಲ. ಗುಡಾಣಕ್ಕೆ ಅಕ್ಕಿ ಬೀಳುವ ಸದ್ದನ್ನು ಕೇಳುತ್ತಿದ್ದಳು.

ನಾನು ನೀರು ಹೊಯ್ದದ್ದು ಸರಿಯಾದ ಕೈಗಲ್ಲ ಎಂದು ಆಗಲೇ ಅನ್ನಿಸಿತು. ಬೇರೆಯವರ ಮನೆಗೆ ನಾನೇ ಕಟ್ಟಿಕೊಟ್ಟ ಏರ್ಪಾಡು ನನ್ನ ಕೂಸಿಗೆ ಸಾಲಲಿಲ್ಲ. ತೊಟ್ಟಿಲಿನ ಕಡೆ ನೋಡಿದಾಗ ಮಂಚಮ್ಮನ ನೋಟ ನನ್ನ ಕಣ್ಣಿಗೂ ಬಂತು.

ಬಾಣಂತನ ಮುಗಿದ ಮೇಲೆ, ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ಅತ್ತೆ ಯಾರದೋ ಪುರುಡಿಗೆ ಹೋಗಿದ್ದರು. ಹಿತ್ತಲ ಬಾಗಿಲಲ್ಲಿ ರುದ್ರಾಣಿ ಬಂದು ನಿಂತಳು. ಮುಂಬಾಗಿಲಿಗೆ ಬರದೆ ಹಿತ್ತಲಿಗೆ ಬಂದಳೆಂದರೇ ನನಗೆ ಅರ್ಥವಾಯಿತು. ತಲೆ ತಗ್ಗಿಸಿ, ಸಂಬಳ ಬರುವವರೆಗೆ ಒಂದು ಸೇರು ಅಕ್ಕಿ ಕಡ ಕೊಡುತ್ತೀಯಾ ಎಂದು ಕೇಳಿದಳು.

ನಾನು ಒಳಗೆ ಹೋಗಿ ಸೇರು ತೆಗೆದುಕೊಂಡೆ. ಗೋಪುರ ಕಟ್ಟಿ, ಇನ್ನು ಒಂದು ಕಾಳು ಹಾಕಿದರೂ ಉರುಳುತ್ತದೆ ಎನ್ನುವಷ್ಟು ತುಂಬಿ ಅಳೆದೆ. ಅದನ್ನು ಮೊರಕ್ಕೆ ಹಾಕಿಕೊಂಡು ಬಂದೆ. ನನ್ನ ಮಗಳನ್ನು ಮಲಗಿಸಿದ್ದ ಮೊರ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಇದು ಕಡ ಕಣೇ" ಅಂದಳು.

"ಕಡವೇ" ಅಂದೆ.

ಸೆರಗು ಒಡ್ಡಿದಳು. ಸುರಿದೆ. ಅಂಗೈಗೆ ಅಂಟಿದ ತೌಡನ್ನು ಅವಳು ಸೀರೆಗೆ ಒರೆಸಿಕೊಳ್ಳಲು ಹೋದಾಗ, ಇರು, ಎಂದು ಹಂಡೆಯಿಂದ ಒಂದು ಚೆಂಬು ನೀರು ತಂದೆ. ಒಂದು ಕೈಯಲ್ಲಿ ಮಡಿಲು ಹಿಡಿದುಕೊಂಡು ಇನ್ನೊಂದು ಕೈ ಚಾಚಿದಳು. ಹೊಯ್ದೆ. ಕೈ ಬದಲಾಯಿಸಿದಳು. ಅದಕ್ಕೂ ಹೊಯ್ದೆ. ಒಳಗೆ ತೊಟ್ಟಿಲಲ್ಲಿ ಮಗಳು ಎಚ್ಚರವಾಗಿ ಅತ್ತಳು. ನಾನು ಓಡಿಹೋಗಿ ಎತ್ತಿಕೊಂಡೆ. ನನ್ನವಳು ಅನ್ನಿಸಿತು.

ಸಂಬಳದ ಮರುದಿನವೇ ರುದ್ರಾಣಿ ಅಕ್ಕಿ ತಿರುಗಿ ತಂದಳು. ಸರ್ಕಾರದ ಕೆಲಸದವರು ಮರೆಯುವುದಿಲ್ಲ. ಅತ್ತೆ ಎದುರಿಗೇ ಕೂತಿದ್ದರಿಂದ ಬೇಡವೆನ್ನುವಂತಿರಲಿಲ್ಲ. ಸೇರಿನ ಬಾಯಿಮಟ್ಟಕ್ಕೆ ಅಂಗೈ ಸವರಿ, ಒಂದು ಕಾಳು ಹೆಚ್ಚಿಲ್ಲ ಕಡಮೆಯಿಲ್ಲ ಎನ್ನುವಂತೆ ಅಳೆದು ಹಾಕಿದಳು. ಗೋಪುರ ಹಿಂತಿರುಗಿ ಬರಲಿಲ್ಲ. ಅಷ್ಟು ಅವಳಲ್ಲೇ ಉಳಿಯಿತು. ಅವಳು ಅದನ್ನು ತಿಳಿದೇ ಬಿಟ್ಟಳೋ, ಆಸ್ಪತ್ರೆಯಲ್ಲಿ ಕಲಿತ ಅಳತೆಯೇ ಹಾಗೋ, ನಾನು ಕೇಳಲಿಲ್ಲ.

"ಸರ್ಕಾರಿ ಅಳತೆ, ಜಿಪುಣ ಅಳತೆ" ಎಂದು ಅತ್ತೆ ಗೊಣಗಿದರು.

ನನಗೆ ಆ ಹೊತ್ತು ಯಾರ ಮೇಲೂ ಉರಿಯಿರಲಿಲ್ಲ. ಮಗಳನ್ನು ಎತ್ತಿಕೊಂಡು ಕಿಟಕಿಗೆ ಬಂದೆ. ರುದ್ರಾಣಿ ರಸ್ತೆ ದಾಟಿ, ಸೊಂಟದಿಂದ ಬೀಗದ ಕೈ ತೆಗೆದು, ಬಾಗಿಲು ತೆರೆದು ಒಳಗೆ ಹೋದಳು. ಬೀಗದ ಆ ಸದ್ದಿಗೆ ಮಗಳು ಕತ್ತು ತಿರುಗಿಸಿದಳು, ನಾನೂ ಅವಳನ್ನು ಆ ಬಾಗಿಲಿನ ಕಡೆಗೇ ತಿರುಗಿಸಿ ಹಿಡಿದೆ.